ಮಡಿಕೇರಿಯ ಗೆಳತಿಯ ಮಗುವಿಗೆ ಬಣ್ಣದ ಸ್ವೆಟರ್

ಡಿಸೆಂಬರಿನಲ್ಲಿ ಹುಟ್ಟುವ ಮಗುವಿಗೆ ಐದು ಬಣ್ಣದ ಸ್ವೆಟರ್ ಹೆಣೆಯಬೇಕು, ಎದೆಯ ಮೇಲೆ ಆನೆ ಚಿತ್ರವೂ ಬರಬೇಕು, ಯಾವ ಅಳತೆ ಹಿಡಿಯಲಿ ಅಂತ ಕೇಳಿದ್ದೀರಿ.

ಆನೆ ಬಿಡಿ ಮೇಡಂ. ಬಣ್ಣ ಬದಲಿಸುವಾಗ ಒಳಗಡೆ ಉದ್ದುದ್ದ ಎಳೆ ನಿಲ್ಲುತ್ತೆ, ಮಗುವಿನ ಬೆರಳು ಅದಕ್ಕೇ ಸಿಕ್ಕಿಕೊಳ್ಳೋದು. ಅಡ್ಡಪಟ್ಟೆ ಹಾಕಿ, ಒಂದೊಂದು ಬಣ್ಣಕ್ಕೆ ನಾಲ್ಕು ಸಾಲು. ಸಾಲುಗಳ ಸಂಖ್ಯೆ ಸಮ ಇದ್ದರೆ ದಾರ ಒಂದೇ ಅಂಚಿಗೆ ಬರುತ್ತೆ, ಪ್ರತಿಸಲ ಕತ್ತರಿಸೋ ರಗಳೆ ಇಲ್ಲ.

ಹುಟ್ಟಿದ ಮಗುವಿನ ಅಳತೆಗೆ ಮಾತ್ರ ಹೆಣೆಯಬೇಡಿ, ತಿಂಗಳೊಳಗೆ ಬಿಗಿಯಾಗುತ್ತೆ. ಆರು ತಿಂಗಳ ಅಳತೆ ಹಿಡಿಯಿರಿ: ಎದೆಸುತ್ತು 50 ಸೆಂ.ಮೀ., ಅಂದರೆ ಮುಂಭಾಗ 25. ತೆಳು ಬೇಬಿ ಉಲ್ಲನ್ನು 10ನೇ ನಂಬರ್ ಕಡ್ಡಿಯಲ್ಲಿ ಹೆಣೆದರೆ ನನ್ನ ಕೈಗೆ 10 ಸೆಂ.ಮೀ.ಗೆ 28 ಕುಣಿಕೆ ಬರುತ್ತೆ, ಹಾಗಾಗಿ 70 ಹಾಕ್ತೀನಿ. ನಿಮ್ಮ ಕೈ ಬಿಗಿಯೋ ಸಡಿಲವೋ, ಅಂಗೈಯಗಲದ ತುಂಡು ಹೆಣೆದು ಎಣಿಸಿ ನೋಡಿ.

ಆ ತುಂಡನ್ನು ಎಸೀಬೇಡಿ. ಒದ್ದೆ ಮಾಡಿ ಬಿಳಿ ಪಂಚೆಯಲ್ಲಿ ಸುತ್ತಿ ರಾತ್ರಿಯಿಡೀ ಇಡಿ. ನಾನು ಈ ಕೆಲಸ ಮಾಡದೆ ಕೆಂಪು-ಬಿಳಿ ಕುಲಾವಿ ಕೊಟ್ಟೆ. ಮೊದಲ ಒಗೆತಕ್ಕೇ ಬಿಳಿಯೆಲ್ಲ ಬೀಟ್‌ರೂಟ್ ಪಲ್ಯದ ನೀರಿನ ಬಣ್ಣ!

ಕತ್ತು ಅಗಲ ಇರಲಿ, ಮಕ್ಕಳ ತಲೆ ದೊಡ್ಡದು. ಒಂದು ಹೆಗಲು ತೆರೆದಿಟ್ಟು ಲಾಡಿ ಬದಲು ಚಪ್ಪಟೆ ಟಿಚ್ ಬಟನ್ ಗಟ್ಟಿಯಾಗಿ ಹೊಲಿಯಿರಿ. ಕಪ್ಪು ಪಟ್ಟೆ ಬೇಕಿದ್ದರೆ ಗೆಳತಿಯ ಅತ್ತೆಯನ್ನು ಒಂದು ಮಾತು ಕೇಳಿ, ಕೆಲವು ಮನೆಗಳಲ್ಲಿ ಹಸುಗೂಸಿಗೆ ಆ ಬಣ್ಣ ಒಪ್ಪಲ್ಲ.