ಹಳೇ ಪ್ರಶ್ನೆಪತ್ರಿಕೆಯ ಸಮೀಕರಣ ತಿದ್ದೋದು ಹೇಗೆ?

ಪ್ರಶ್ನೆ: ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. 2012ರಿಂದ ಮಾಡಿಟ್ಟ ಪ್ರಶ್ನೆಪತ್ರಿಕೆಗಳೆಲ್ಲ ವರ್ಡ್‌ನಲ್ಲಿವೆ. ಈಗ ಸಮೀಕರಣದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎರರ್ ಬರುತ್ತದೆ, ಒಂದು 3 ಇದ್ದದ್ದನ್ನು 5 ಮಾಡಲೂ ಆಗುತ್ತಿಲ್ಲ. ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾ? (ಒಬ್ಬ ಶಿಕ್ಷಕಿ)

ಉತ್ತರ: ಗಾಬರಿ ಬೇಡ ಮೇಡಂ, ಫೈಲ್ ಕೆಟ್ಟಿಲ್ಲ. ನೀವು ಆಗ ಬಳಸಿದ್ದು ವರ್ಡ್ ಜೊತೆ ಬರುತ್ತಿದ್ದ, ಸಮೀಕರಣ ಬರೆಯುವ ಹಳೇ ಸಾಧನ ಈಕ್ವೇಶನ್ ಎಡಿಟರ್ 3.0 ಅನಿಸುತ್ತದೆ. ಅದರಲ್ಲಿ ಭದ್ರತೆಯ ದೋಷ ಸಿಕ್ಕಿತು, ಹಾಗಾಗಿ ಮೈಕ್ರೋಸಾಫ್ಟ್ 2018ರ ಜನವರಿಯ ಅಪ್‌ಡೇಟ್‌ನಲ್ಲಿ ಅದನ್ನು ತೆಗೆದೇಬಿಟ್ಟಿತು. ಹಳೇ ಸಮೀಕರಣ ಕಾಣುತ್ತದೆ, ಪ್ರಿಂಟೂ ಆಗುತ್ತದೆ, ಆದರೆ ತಿದ್ದಲು ಬರುವುದಿಲ್ಲ. ಹೊಸ ಮೈಕ್ರೋಸಾಫ್ಟ್ 365ರ ವರ್ಡ್ ಇದ್ದರೆ ಡಬಲ್ ಕ್ಲಿಕ್ ಮಾಡಿದಾಗ ಹೊಸ ರೂಪಕ್ಕೆ ಬದಲಿಸಲೇ ಅಂತ ಕೇಳುತ್ತದೆ, ಒಪ್ಪಿಕೊಳ್ಳಿ. ಇಲ್ಲದಿದ್ದರೆ ಮ್ಯಾಥ್‌ಟೈಪ್ ಅನ್ನೋ ಸಮೀಕರಣ ಬರೆಯುವ ತಂತ್ರಾಂಶದಲ್ಲಿ ತೆರೆಯಬಹುದು. ಎರಡೂ ಇಲ್ಲವಾದರೆ ಬದಲಿಸಬೇಕಾದ ಸಮೀಕರಣವನ್ನಷ್ಟೇ ಹೊಸದಾಗಿ ಬರೆಯಿರಿ, ಉಳಿದವನ್ನು ಮುಟ್ಟಬೇಡಿ.

ಹೊಸದಾಗಿ ಬರೆಯೋದು ಈಗ ಮೊದಲಿಗಿಂತ ಸುಲಭ, ಮೌಸ್ ಹಿಡಿದು ಚಿಹ್ನೆ ಹುಡುಕುತ್ತಾ ಕೂರಬೇಕಿಲ್ಲ. ಆಲ್ಟ್ ಕೀ ಹಿಡಿದು = ಒತ್ತಿ, ಪೆಟ್ಟಿಗೆ ಬರುತ್ತದೆ. ಮೂರರ ಜೊತೆ ಐದರ ವರ್ಗಮೂಲ ಕೂಡಿಸಿ ಎರಡರಿಂದ ಭಾಗಿಸಬೇಕು ಅಂದುಕೊಳ್ಳಿ. ಮೊದಲು (3+ ಅಂತ ಹೊಡೆಯಿರಿ. ಆಮೇಲೆ ಬ್ಯಾಕ್‌ಸ್ಲ್ಯಾಷ್ ಹಾಕಿ ಎಸ್, ಕ್ಯೂ, ಆರ್, ಟಿ ಅಕ್ಷರಗಳನ್ನು ಹೊಡೆದು ಸ್ಪೇಸ್ ಕೊಟ್ಟರೆ √ ಬರುತ್ತದೆ. ನಂತರ 5)/2 ಬರೆದು ಮತ್ತೊಮ್ಮೆ ಸ್ಪೇಸ್ ಒತ್ತಿ. ಕಣ್ಣೆದುರೇ ಆ ಸಾಲು ಮೇಲೆ ಕೆಳಗೆ ಕೂತು ಭಿನ್ನರಾಶಿಯಾಗುತ್ತದೆ, ಹೊರಗಿನ ಆವರಣ ತಾನಾಗೇ ಮಾಯವಾಗುತ್ತದೆ. ಘಾತಕ್ಕೆ ^ ಗುರುತು ಸಾಕು. ಎರಡು ದಿನ ಕೈ ಪಳಗಿದರೆ ಬೋರ್ಡಿನ ಮೇಲೆ ಬರೆಯುವಷ್ಟೇ ಸಲೀಸು.

ಆಲ್ಟ್ ಒತ್ತಿದರೂ ಏನೂ ಆಗದೆ, ಇನ್ಸರ್ಟ್‌ನಲ್ಲಿ ಈಕ್ವೇಶನ್ ಬಟನ್ ಮಂಕಾಗಿದ್ದರೆ ಫೈಲ್ ಹಳೇ ಡಾಕ್ (.doc) ರೂಪದಲ್ಲಿದೆ ಅಂತ ಅರ್ಥ. ಮೇಲ್ಗಡೆ ಕಂಪ್ಯಾಟಿಬಿಲಿಟಿ ಮೋಡ್ ಅಂತಲೂ ಕಾಣಬಹುದು. ಹೊಸ ಡಾಕ್ಸ್ (.docx) ರೂಪದಲ್ಲಿ ಸೇವ್ ಮಾಡಿ. ಹಳೆಯದರ ಒಂದು ಪ್ರತಿ ಮಾತ್ರ ಬೇರೆ ಕಡೆ ಇಟ್ಟಿರಿ.

ಒಂದು ಬೇಡಿಕೆ ನನ್ನದು: ಸಮೀಕರಣದ ಸ್ಕ್ರೀನ್‌ಶಾಟ್ ಅಂಟಿಸಬೇಡಿ. ಝೆರಾಕ್ಸ್ ಆದಮೇಲೆ ಘಾತದ 2 ಯಾವುದು, 3 ಯಾವುದು ಅಂತ ಹಿಂದಿನ ಬೆಂಚಿನ ಮಗುವಿಗೆ ಗೊತ್ತಾಗುವುದಿಲ್ಲ. ಓದಲಾಗದ ಲೆಕ್ಕಕ್ಕೆ ಆ ಮಗು ಅಂಕ ಕಳೆದುಕೊಳ್ಳಬಾರದು ಅಲ್ವಾ?

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡವನ್ನು ಸಮೀಕರಣದೊಳಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಯಾಕೆ?

ಉತ್ತರ: ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲದ ಹಳೇ ಫಾಂಟ್‌ಗಳಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಮೇಲಿನ ರೂಪ ಮಾತ್ರ ಕನ್ನಡ. ಸಮೀಕರಣದ ಪೆಟ್ಟಿಗೆಯೊಳಗೆ ಫಾಂಟ್ ಕೇಂಬ್ರಿಯಾ ಮ್ಯಾಥ್ ಆಗುತ್ತದೆ, ಆಗ ಆ ರೂಪ ಕಳಚಿಬೀಳುತ್ತದೆ. ಕನ್ನಡ ಪದಗಳನ್ನು ಪೆಟ್ಟಿಗೆಯ ಹೊರಗೇ ಇಡಿ. ಒಳಗೇ ಬೇಕೆಂದರೆ ಯೂನಿಕೋಡ್‌ನಲ್ಲಿ, ಡಬಲ್ ಕೋಟ್‌ಗಳ ನಡುವೆ ಬರೆಯಿರಿ.