ಕಾನೂನು ಓದದವರು ಟೆಕ್ಸಾಸ್‌ನಲ್ಲಿ ಜಸ್ಟಿಸ್ ಆಫ್ ದಿ ಪೀಸ್ (ಸಣ್ಣಪುಟ್ಟ ಕೇಸು ನೋಡುವ ಸ್ಥಳೀಯ ಜಡ್ಜ್) ಚುನಾವಣೆಗೆ ನಿಲ್ಲಬಹುದಾ?

ಖಂಡಿತ ನಿಲ್ಲಬಹುದು. ಲಾ ಡಿಗ್ರಿ ಬೇಕಿಲ್ಲ. ಆದರೆ ಅಮೆರಿಕದ ಪೌರತ್ವ ಬೇಕೇ ಬೇಕು, ಗ್ರೀನ್ ಕಾರ್ಡ್ ಸಾಲದು. ಅಲ್ಲಿರುವ ನಮ್ಮ ಕನ್ನಡದವರು ಮೊದಲು ಇದನ್ನು ನೋಡಿಕೊಳ್ಳಿ. ರಾಜ್ಯದಲ್ಲಿ 12 ತಿಂಗಳು, ಆ ಜಡ್ಜ್ ಸ್ಥಾನದ ವಲಯದಲ್ಲಿ (ಪ್ರಿಸಿಂಕ್ಟ್) 6 ತಿಂಗಳು ವಾಸ ಇರಬೇಕು.

ಇದು ಪಕ್ಷದ ಹೆಸರಿನ ಮೇಲೆ ನಡೆಯುವ ಚುನಾವಣೆ, ಅವಧಿ 4 ವರ್ಷ. ಮೊದಲು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಗೆಲ್ಲಬೇಕು, ಆಮೇಲೆ ನವೆಂಬರ್‌ನ ಮುಖ್ಯ ಚುನಾವಣೆ. ಒಂದು ಪಕ್ಷದ ಹಿಡಿತ ಜಾಸ್ತಿ ಇರುವ ಕಡೆ ಪ್ರೈಮರಿಯಲ್ಲೇ ಎಲ್ಲ ತೀರ್ಮಾನ ಆಗಿಬಿಡುತ್ತದೆ. ಇನ್ನೊಂದು ಮಾತು: ಖಜಾಂಚಿಯನ್ನು ನೇಮಿಸಿ ಅರ್ಜಿ ಕೊಡುವ ತನಕ ಯಾರಿಂದಲೂ ಪ್ರಚಾರಕ್ಕೆ ಒಂದು ಡಾಲರ್ ಕೂಡ ತೆಗೆದುಕೊಳ್ಳುವಂತಿಲ್ಲ.

ನಿಲ್ಲುವ ಮೊದಲು ಆ ಕೋರ್ಟಿಗೆ ಹೋಗಿ ಒಂದು ದಿನ ಸುಮ್ನೆ ಕೂತು ನೋಡಿ. 20,000 ಡಾಲರ್‌ವರೆಗಿನ ಹಣದ ವ್ಯಾಜ್ಯ, ಟ್ರಾಫಿಕ್ ದಂಡ, ಬಾಡಿಗೆ ಮನೆ ಖಾಲಿ ಮಾಡಿಸುವ ಕೇಸು, ಎಲ್ಲ ಅಲ್ಲೇ. ಬಾಡಿಗೆ ಕಟ್ಟಲಾಗದ ತಾಯಿ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಎದುರಿಗೆ ನಿಂತಿರುತ್ತಾಳೆ. ವಕೀಲರೂ ಇರುವುದಿಲ್ಲ. ಆಕೆಗೆ ಅರ್ಥವಾಗುವ ಹಾಗೆ ಮಾತಾಡಿಸುವ ತಾಳ್ಮೆ ಡಿಗ್ರಿಗಿಂತ ದೊಡ್ಡದು ಅಲ್ವಾ? ಮೆಡಿಕಲ್ ಎಕ್ಸಾಮಿನರ್ (ಸಾವಿನ ಕಾರಣ ಪತ್ತೆ ಮಾಡುವ ಸರ್ಕಾರಿ ವೈದ್ಯರು) ಇಲ್ಲದ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಕಡೆಗಳಲ್ಲಿ, ಅನುಮಾನದ ಸಾವಿನ ವಿಚಾರಣೆಯೂ ಈ ಜಡ್ಜ್‌ಗಳದೇ. ಅಂದರೆ ಅಪಘಾತವಾದರೆ ನಡುರಾತ್ರಿ ಹೆದ್ದಾರಿಗೂ ಹೋಗಬೇಕಾಗಬಹುದು.

ಗೆದ್ದರೆ ಮೊದಲ ವರ್ಷ 80 ಗಂಟೆ ತರಬೇತಿ ಕಡ್ಡಾಯ, ನಂತರ ಪ್ರತಿ ವರ್ಷ 20 ಗಂಟೆ. ಕಾನೂನನ್ನು ಅಲ್ಲೇ ಕಲಿಸುತ್ತಾರೆ.