ಟಿವಿ ಆಫ್ ಮಾಡಿದರೆ ಸಾಕಾ?

ಚಿಂತಾಮಣಿ ತಾಲ್ಲೂಕಿನ ತಾಯಿಯೊಬ್ಬರ ಪತ್ರ: "ನನ್ನ ಮಗನಿಗೆ ಒಂಬತ್ತು ವರ್ಷ. 2025ರ ಮೇ ತಿಂಗಳಲ್ಲಿ ತಾತನ ಜೊತೆ ಕೂತು ಹಗಲೂ ರಾತ್ರಿ ಭಾರತ, ಪಾಕಿಸ್ತಾನದ ಯುದ್ಧದ ಸುದ್ದಿ ನೋಡಿದ. ಈಗಲೂ ವಿಮಾನದ ಸದ್ದಾದರೆ 'ಅಮ್ಮಾ, ನಮ್ಮೂರಿಗೂ ಬಾಂಬ್ ಹಾಕ್ತಾರಾ?' ಅಂತ ಓಡಿ ಬರ್ತಾನೆ. ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಸಾಬರ ಹುಡುಗನಿಗೆ 'ನೀನು ಪಾಕಿಸ್ತಾನಕ್ಕೆ ಹೋಗು' ಅಂದನಂತೆ, ಟೀಚರ್ ಕರೆಸಿ ಹೇಳಿದರು. ಮನೆಯಲ್ಲಿ ತಾತ, ಸೋದರಮಾವ ರಾಜಕೀಯ ಮಾತಾಡಲು ಕೂತರೆ ಜಗಳವೇ. ಇಷ್ಟು ಚಿಕ್ಕವನಿಗೆ ಇದೆಲ್ಲ ಯಾಕೆ? ಟಿವಿ ಆಫ್ ಮಾಡಿ, ದೊಡ್ಡವನಾದ ಮೇಲೆ ಹೇಳಿದರೆ ಸಾಕಲ್ವಾ?"

ನಮಸ್ಕಾರ ಅಮ್ಮ,

ಟಿವಿ ಆಫ್ ಮಾಡಿ, ಖಂಡಿತ ಮಾಡಿ. ಆ ದಿನಗಳಲ್ಲಿ ಚಾನೆಲ್‌ಗಳು ಮಾತು ಮಾತಿಗೂ ಸೈರನ್ ಹಾಕುತ್ತಿದ್ದವು. ಕಾರ್ಯಕ್ರಮಗಳಲ್ಲಿ ಆ ಸದ್ದು ಬಳಸಬೇಡಿ ಅಂತ ಮೇ 10ರಂದು ಕೇಂದ್ರ ಸರ್ಕಾರವೇ ಹೇಳಬೇಕಾಯಿತು. ವಿಡಿಯೊ ಗೇಮಿನ ದೃಶ್ಯಗಳೂ ನಿಜವಾದ ಯುದ್ಧ ಅಂತ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿದವು. ದೊಡ್ಡವರೇ ನಂಬಿದ್ದನ್ನು ಒಂಬತ್ತು ವರ್ಷದ ಹುಡುಗ ನಂಬದೆ ಇರುತ್ತಾನಾ? ಆದರೆ ಅವನು ನೋಡಿದ್ದು ಈಗಾಗಲೇ ತಲೆಯೊಳಗೆ ಹೋಗಿದೆ. ನೀವು ಮಾತಾಡದಿದ್ದರೆ ಆ ಭಯವನ್ನು ಅವನೊಬ್ಬನೇ ಹೊರಬೇಕು.

ಮೊದಲು ಅವನನ್ನೇ ಕೇಳಿ, ಏನು ನೋಡಿದೆ, ಯಾರು ಏನಂದರು ಅಂತ. ಆಮೇಲೆ ಅವನು ಕೇಳಿದಷ್ಟಕ್ಕೆ ಉತ್ತರ ಕೊಡಿ. ಭೂಪಟದಲ್ಲಿ ಜಮ್ಮು ತೋರಿಸಿ, ಚಿಂತಾಮಣಿ ತೋರಿಸಿ. ನಡುವೆ 2000 ಕಿಲೋಮೀಟರ್‌ಗಿಂತ ಜಾಸ್ತಿ ದೂರ. ದೇವನಹಳ್ಳಿಯ ವಿಮಾನ ನಿಲ್ದಾಣ ನಮ್ಮ ಪಕ್ಕದಲ್ಲೇ ಇದೆ, ಆ ಸದ್ದು ಜನ ಓಡಾಡುವ ವಿಮಾನದ್ದು ಅಂತ ಹೇಳಿ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು, ಮೇ 7ರಂದು ನಮ್ಮ ಸೇನೆ ದಾಳಿ ಮಾಡಿತು, 10ರಂದು ಎರಡೂ ದೇಶದವರು ಕದನ ನಿಲ್ಲಿಸಲು ಒಪ್ಪಿದರು. ಇಷ್ಟು ಅವನಿಗೆ ಅರ್ಥವಾಗುತ್ತದೆ. "ಮುಂದೆ ಯಾವತ್ತೂ ಏನೂ ಆಗಲ್ಲ" ಅಂತ ಮಾತ್ರ ಆಣೆ ಮಾಡಬೇಡಿ. "ನಾನು ನಿನ್ನ ಜೊತೆ ಇರ್ತೀನಿ" ಅನ್ನಿ.

ಬಾಂಬಿನ ಭಯಕ್ಕಿಂತ, ಪಕ್ಕದ ಹುಡುಗನಿಗೆ ಅಂದ ಮಾತು ನನ್ನನ್ನು ಜಾಸ್ತಿ ಕಾಡಿತು. ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಹುಡುಗನೂ ಸಂಜೆ ಮನೆಗೆ ಹೋಗಿ ಅವರಮ್ಮನಿಗೆ ಇದನ್ನು ಹೇಳಿರುತ್ತಾನೆ. ಆ ತಾಯಿ ಅವನಿಗೆ ಏನು ಸಮಾಧಾನ ಹೇಳಿರಬಹುದು? ನಿಮ್ಮ ಮಗ ಕೆಟ್ಟವನಲ್ಲ. ಎಲ್ಲೋ ಕೇಳಿದ್ದನ್ನು ಅಂದಿದ್ದಾನೆ. ಹೊಡೆಯಬೇಡಿ. ಹಾಗಂತ ಸುಮ್ನೆ ಬಿಡಲೂ ಬೇಡಿ. ಮೇ 7ರಂದು ಜಮ್ಮು-ಕಾಶ್ಮೀರದ ಗಡಿಯ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ಬಿದ್ದು ಸತ್ತವರಲ್ಲಿ ಹಿಂದೂ, ಮುಸ್ಲಿಂ, ಸಿಖ್ ಎಲ್ಲರೂ ಇದ್ದರು, ಮಕ್ಕಳೂ ಇದ್ದರು ಅಂತ ಹೇಳಿ. ಸೇನೆಯ ಪರವಾಗಿ ದೇಶಕ್ಕೆ ವಿವರ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ ಅಂತಲೂ ಹೇಳಬಹುದು. ಆದರೆ ಆ ಹುಡುಗ ನಮ್ಮವನು ಅನ್ನೋದಕ್ಕೆ ಯಾವ ಕರ್ನಲ್ ಸಾಕ್ಷಿಯೂ ಬೇಕಿಲ್ಲ. ಅವನು ಇದೇ ಊರಿನವನು, ಇದೇ ತರಗತಿಯವನು. ಮಗನನ್ನು ಕರ್ಕೊಂಡು ಅವರ ಮನೆಗೆ ಹೋಗಿ ಬನ್ನಿ. "ತಪ್ಪಾಯ್ತು" ಅಂತ ಮೊದಲು ನೀವು ಹೇಳಿ. ನಿಮ್ಮನ್ನು ನೋಡಿ ಅವನೂ ಹೇಳುತ್ತಾನೆ.

ತಾತ, ಮಾವನ ವಾದ ನಿಲ್ಲುವುದಿಲ್ಲ, ನಿಲ್ಲಬೇಕಾಗೂ ಇಲ್ಲ. ನಮ್ಮ ಕಡೆ ಹಾಲಿನ ಡೈರಿ ಮುಂದೆಯೂ ಅದೇ ಮಾತು, ಅರಳಿಕಟ್ಟೆಯಲ್ಲೂ ಅದೇ. ಆದರೆ ಮಗುವಿನ ಮುಂದೆ ಬೈಗುಳ ಬೇಡ ಅಂತ ಇಬ್ಬರಿಗೂ ಗಟ್ಟಿಯಾಗಿ ಹೇಳಿ.

ಮತ್ತೆ, ಅವರಿಬ್ಬರೇ ಅವನನ್ನು ಒಂದು ದಿನ ವಿದುರಾಶ್ವತ್ಥಕ್ಕೆ ಕರ್ಕೊಂಡು ಹೋಗಲಿ. ಗೌರಿಬಿದನೂರು ತಾಲ್ಲೂಕು, ನಮ್ಮ ಜಿಲ್ಲೆಯೇ. 1938ರ ಏಪ್ರಿಲ್ 25ರಂದು ಅಲ್ಲಿ ನಿಷೇಧ ಮೀರಿ ಕಾಂಗ್ರೆಸ್ಸಿನ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಎಷ್ಟೋ ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದನ್ನೂ ಹೇಳಬೇಕು. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು. ಎರಡು ಕಡೆಯವರು ಕೂತು ಮಾತಾಡಿದರೆ ಏನಾಗುತ್ತದೆ ಅಂತ ಮಗುವಿಗೆ ತೋರಿಸಲು ಇಷ್ಟು ಹತ್ತಿರದ ಉದಾಹರಣೆ ಇರುವಾಗ ನಾವು ಯಾಕೆ ಬಿಡಬೇಕು?

"ದೊಡ್ಡವನಾದ ಮೇಲೆ" ಅಂದಿರಿ. ಓಟು ಹಾಕಲು 18 ತುಂಬಬೇಕು, ನಿಜ. ಪ್ರಶ್ನೆ ಕೇಳಲು ಅಷ್ಟು ವರ್ಷ ಕಾಯಬೇಕಿಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಶಾಲೆಯ ಶೌಚಾಲಯ, ಬಸ್ಸು, ಕುಡಿಯುವ ನೀರು, ಯಾವುದರ ಬಗ್ಗೆಯಾದರೂ ಮಕ್ಕಳೇ ಎದ್ದು ನಿಂತು ಅಧ್ಯಕ್ಷರನ್ನು, ಪಿಡಿಒ ಅವರನ್ನು ಕೇಳಬಹುದು. ಕೊಳವೆಬಾವಿಯ ಫ್ಲೋರೈಡ್ ನೀರಿನ ನಮ್ಮ ಸೀಮೆಯಲ್ಲಿ ಕೇಳೋದಕ್ಕೆ ವಿಷಯಕ್ಕೇನು ಕೊರತೆ? ನಿಮ್ಮ ಪಂಚಾಯಿತಿಯಲ್ಲಿ ಮುಂದಿನ ಸಭೆ ಯಾವತ್ತು ಅಂತ ವಿಚಾರಿಸಿ. ಇಬ್ಬರು ಹುಡುಗರನ್ನೂ ಕಳಿಸಿ. ಅವರು ಏನು ಕೇಳಿದರು, ಪಿಡಿಒ ಏನಂದರು, ನಮಗೆ ಬರೆಯಿರಿ. ಪ್ರಕಟಿಸುತ್ತೇವೆ.

ಸಂಪಾದಕ